ಚಿಲಕವಿಲ್ಲದ ಬಚ್ಚಲು

ನಮ್ಮ ಮನೆಯ ಬಚ್ಚಲಿಗೆ ಚಿಲಕವಿಲ್ಲ. ಬಡತನದಿಂದಲ್ಲ, ನಾನೇ ಸ್ಕ್ರೂ ಬಿಚ್ಚಿ ಕಿತ್ತಿಟ್ಟಿದ್ದೇನೆ. ಒಳಗಿದ್ದವರು ಆಗಾಗ ಕೆಮ್ಮಬೇಕೆಂಬುದು ಈಗ ಮನೆಯ ಕಾನೂನು. ಬಂದ ನೆಂಟರು ನಮಗೆಲ್ಲ ನೆಗಡಿಯೆಂದು ತಿಳಿದು ಶುಂಠಿ ಕಷಾಯ ಮಾಡುವುದನ್ನು ಹೇಳಿಕೊಟ್ಟು ಹೋಗುತ್ತಾರೆ.

ಇದು ಶುರುವಾದದ್ದು ನಾನು ಕೆಲಸ ಮಾಡುವ ರಾಯಚೂರಿನ ಅಕ್ಕಿ ಗಿರಣಿಯಲ್ಲಿ. ಯಾರಿಂದ ಎಷ್ಟು ಭತ್ತ ಬಂತು, ಅಕ್ಕಿ ಎಲ್ಲಿಗೆ ಹೋಯಿತು ಎಂಬುದೆಲ್ಲ ಆಫೀಸಿನ ಒಂದು ಸರ್ವರಿನಲ್ಲಿತ್ತು. ಅದನ್ನು ನೋಡಿಕೊಳ್ಳುವವನು ನಾನು. ಇಲ್ಲಿ ಕರೆಂಟು ಹೋದರೆ ದೇವದುರ್ಗ, ಮಾನ್ವಿಯ ನಮ್ಮ ಖರೀದಿ ಕೇಂದ್ರಗಳಲ್ಲಿ ಕೆಲಸ ನಿಲ್ಲುತ್ತಿತ್ತು; ಬೈಗುಳ ಮಾತ್ರ ನಿಲ್ಲದೆ ನನ್ನ ಫೋನಿಗೆ ಬರುತ್ತಿತ್ತು. ಎಲ್ಲವನ್ನೂ ಕ್ಲೌಡಿಗೆ ಹಾಕೋಣ, ದೊಡ್ಡ ಕಂಪನಿಯ ಯಂತ್ರಗಳಲ್ಲಿ ಬಾಡಿಗೆಗೆ ಇಡೋಣ ಎಂದು ನಾನು ಗಿರಣಿಯ ಮಾಲೀಕ ಸಾವ್ಕಾರರ ಬೆನ್ನು ಹತ್ತಿದ್ದೆ.

ಅಡ್ಡ ಬರುತ್ತಿದ್ದವರು ಹಳೆಯ ಗುಮಾಸ್ತ ಖಾಜಾ ಸಾಹೇಬರು. "ನಮ್ಮ ಮಾಲು ಕಂಡೋರ ಮನ್ಯಾಗ ಯಾಕ್ರೀ? ಇಲ್ಲೇ ಕಣ್ಣಮುಂದ ಇರ್ಲಿ" ಎನ್ನುವರು. ಸಾವ್ಕಾರರು ತಲೆಯಾಡಿಸುವರು. ಒಳಗುಟ್ಟು ನಮಗೆಲ್ಲ ಗೊತ್ತಿತ್ತು. ಇಡೀ ಗಿರಣಿಯಲ್ಲಿ ಎ.ಸಿ. ಇದ್ದದ್ದು ಸರ್ವರ್ ಕೋಣೆಯೊಂದಕ್ಕೇ; ಸಾವ್ಕಾರರಿಗೂ ಬರೀ ಫ್ಯಾನು. ಬೇಸಿಗೆಯಲ್ಲಿ ಊಟವಾದ ಮೇಲೆ ಸಾಹೇಬರು ಮಷಿನ್ ನೋಡಿ ಬರುತ್ತೇನೆಂದು ಒಳಹೋಗಿ, ಚಿಲಕ ಹಾಕಿ, ಅದರ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದರು. ಮಷಿನ್ ಗೊರಕೆ ಹೊಡೆಯುತ್ತಿದೆ ಎಂದು ನಾವು ಹೊರಗೆ ನಗುತ್ತಿದ್ದೆವು.

ಮೇ ತಿಂಗಳ ಒಂದು ಮಧ್ಯಾಹ್ನ ಆ ಕೋಣೆಯ ಯುಪಿಎಸ್ ಬ್ಯಾಟರಿ ಉಬ್ಬಿ ಹೊಗೆ ಕಾರಿತು. ಬಾಗಿಲ ಸಂದಿಯಿಂದ ಹೊಗೆ, ಒಳಗಿನಿಂದ ಕೆಮ್ಮು. ಬಡಿದೆವು, ಒದ್ದೆವು. ಕೆಮ್ಮು ಕೇಳಿಸುವವರೆಗೆ ಧೈರ್ಯವಿತ್ತು. ಅದು ನಿಂತಿತು. ಕೊನೆಗೆ ಹಮಾಲರು ಬಾಗಿಲು ಮುರಿದು ಅವರನ್ನು ಹೊತ್ತು ತಂದರು. ಸರ್ವರಿಗೆ ಒಂದಿಷ್ಟು ಮಸಿ ಹತ್ತಿತ್ತು, ಅಷ್ಟೇ. ಒಳಗಿನ ಒಂದು ಅಕ್ಷರವೂ ಅಳಿಸಿರಲಿಲ್ಲ.

ಸಾಹೇಬರ ಜೀವ ಉಳಿಯಿತು. ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನೋಡಲು ಹೋದಾಗ ಮೊದಲು ಕೇಳಿದ್ದು, "ಮಷಿನ್ ಹೆಂಗದ?" ಎಂದು.

ಎಲ್ಲ ಕ್ಲೌಡಿಗೆ ಹೋಯಿತು ಎಂದೆ.

"ಅಲ್ಲಿ ತಂಪದ ಏನು?"

"ಭಾಳ ತಂಪಂತ್ರೀ."

ಉಸಿರು ಕೂಡಿಸಿಕೊಂಡು, "ಮಧ್ಯಾಹ್ನ ಅಲ್ಲಿ ಯಾರು ಮಲಗ್ತಾರ?" ಎಂದರು. ನಗಲು ಹೋದರು, ಕೆಮ್ಮು ಬಂತು.

ಗೆದ್ದದ್ದು ನನ್ನ ವಾದವೇ. ದೇವದುರ್ಗದವರು ಈಗ ಬೈಯುವುದಿಲ್ಲ. ನಾನು ಕಾಣದ ಯಾವುದೋ ಊರಿನಲ್ಲಿ ನಮ್ಮ ಭತ್ತದ ವಿವರಕ್ಕೆ ಬೀಗವಿದೆ, ಕಾವಲಿದೆ ಎನ್ನುತ್ತಾರೆ. ನಾನು ಮನೆಗೆ ಬಂದು ಚಿಲಕ ಕಿತ್ತೆ.

ಮೊನ್ನೆ ಸ್ನಾನಕ್ಕಿಳಿದು, ಕಾನೂನಿನಂತೆ ಕೆಮ್ಮುತ್ತಿದ್ದೆ. ಮುಖಕ್ಕೆ ಸೋಪು ಹಚ್ಚುವಾಗ ಮರೆತೆ. ಕೆಮ್ಮು ನಿಂತದ್ದು ಕಿವಿಗೆ ಬಿದ್ದದ್ದೇ ತಡ, ಟವೆಲ್ ಸುತ್ತಿಕೊಂಡು ಹೊರಗೋಡಿ ಬಂದು ಅದೇ ಬಾಗಿಲನ್ನು ಹೊರಗಿನಿಂದ ಬಡಿಯತೊಡಗಿದೆ. ಹೆಂಡತಿ ಬಂದು ಮೆಲ್ಲಗೆ ಕೈ ಹಿಡಿದಳು.

"ಒಳಗ ಯಾರೂ ಇಲ್ರೀ. ಇದ್ದವ್ರು ನೀವು."