ಕೆಂಚಿಯ ಪಕ್ಕೆಗೊಂದು ಬಿಲ್ಲೆ

ನಮ್ಮ ಮಾವನವರು ನನ್ನ ಜೊತೆ ಮಾತಾಡುವುದಿಲ್ಲ. ಜಗಳವಾಗಿದೆ ಎಂದುಕೊಳ್ಳಬೇಡಿ, ದೇವರ ದಯದಿಂದ ಅಂಥದ್ದೇನೂ ಇಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅವರು ಜೀಪಿಗೆ ಹೇಳುತ್ತಾರೆ!

ನಗಬೇಡಿ. ಮಾವನಾದವನು ಸೊಸೆಯ ಮುಖ ನೋಡಿ ಮಾತಾಡಬಾರದು, ಸೊಸೆ ಮಾವನ ಎದುರು ಬಾಯಿ ತೆರೆಯಬಾರದು ಎನ್ನುವುದು ಅವರ ಹಿರಿಯರ ಕಾಲದ ಶಿಸ್ತು. ಊರಿಗೆ ಊರೇ ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮ ಎದುರು ಮನೆಯಲ್ಲಿ ಮಾವ, ಸೊಸೆ ಒಟ್ಟಿಗೆ ಕೂತು ಧಾರಾವಾಹಿ ನೋಡುತ್ತಾರೆ. ಅದರಲ್ಲಿ ಬರುವ ಅತ್ತೆಯನ್ನು ಒಟ್ಟಿಗೇ ಬೈಯುತ್ತಾರೆ. ನಮ್ಮ ಮಾವನವರು ಮಾತ್ರ ಶಿಸ್ತು ಬಿಟ್ಟವರಲ್ಲ. ಅತ್ತೆ ಇರುವವರೆಗೆ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅವರು ನಡುಮನೆಯಲ್ಲಿ ಕೂತು ಜಗುಲಿಯ ಮಾತನ್ನು ಅಡಿಗೆಮನೆಗೂ ಅಡಿಗೆಮನೆಯ ಮಾತನ್ನು ಜಗುಲಿಗೂ ದಾಟಿಸುತ್ತಿದ್ದರು. ದಾಟಿಸುವಾಗ ಖಾರವಿದ್ದದ್ದನ್ನು ಸ್ವಲ್ಪ ಸಪ್ಪೆ ಮಾಡುತ್ತಿದ್ದರು, ಪುಣ್ಯಾತ್ಮರು. ಅವರು ಹೋದಮೇಲೆ ಮಾತು ದಾಟಿಸುವವರೇ ಇಲ್ಲವಾದರು. ನಮ್ಮ ಯಜಮಾನರು ಬೆಳಗ್ಗೆ ಹಿರಿಯೂರಿನ ಗೊಬ್ಬರದಂಗಡಿಗೆ ಹೋದರೆ ದೇವರ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಮಗಳು ದುರ್ಗದ ಹಾಸ್ಟೆಲಿನಲ್ಲಿ. ಬಬ್ಬೂರಿನ ಮನೆಯಲ್ಲಿ ಹಗಲೆಲ್ಲ ಉಳಿಯುವವರು ಮಾವನವರು, ನಾನು, ಮತ್ತು ಅಂಗಳದಲ್ಲಿ ಕೆಂಚಿ.

ಕೆಂಚಿ ಎಂದರೆ ಜೀಪು. ನಮ್ಮದು ಕುರಿ ಸಾಕಿದ ಮನೆತನ. ಬಣ್ಣ ನೋಡಿ ಕುರಿಗೆ ಹೆಸರಿಟ್ಟಂತೆ ಮಾವನವರು ಜೀಪಿಗೂ ಇಟ್ಟಿದ್ದಾರೆ. ಅದು ಒಂದು ಕಾಲದಲ್ಲಿ ಕೆಂಪಗಿತ್ತಂತೆ. ಈಗಲೂ ಕೆಂಪಗಿದೆ ಅನ್ನಿ, ಆದರೆ ಅದು ತುಕ್ಕಿನ ಕೆಂಪು!

ಬೆಳಗ್ಗೆ ಮಾವನವರು ಜೀಪಿನ ಮುಂದೆ ನಿಂತು, ಅಡಿಗೆಮನೆಯ ಕಿಟಕಿಗೆ ಕೇಳುವಷ್ಟು ಗಟ್ಟಿಯಾಗಿ, “ಏನೇ ಕೆಂಚಿ, ಕಾಫಿ ಹೊತ್ತು ಆಯ್ತು ಅನ್ಸುತ್ತೆ” ಎನ್ನುತ್ತಾರೆ. ನಾನು ಲೋಟ ತಂದು ಬಾನೆಟ್ಟಿನ ಮೇಲಿಟ್ಟು ಒಳಗೆ ಬರುತ್ತೇನೆ. ಅದೇ ನನ್ನ ಉತ್ತರ. ಮಧ್ಯಾಹ್ನ ಉಂಡು ಎದ್ದಮೇಲೆ, “ಕೆಂಚಿ, ಇವತ್ತು ಸಾರಿಗೆ ಉಪ್ಪು ಒಂಚೂರು ಜಾಸ್ತಿ ಬಿದ್ದೈತೆ ಅಂತ ನಾನೇನ್ ಹೇಳ್ಲಿಲ್ಲಪ್ಪ!” ಮಾರನೆಯ ದಿನ ಉಪ್ಪು ಕಡಿಮೆ ಹಾಕಿದರೆ, “ಅಂಗಂತ ಉಪ್ಪೇ ಹಾಕ್ಬಾರ್ದು ಅಂತ ಯಾರಂದ್ರೇ?” ಜೀಪು ಪಾಪ, ಏನು ಹೇಳೀತು? ನನಗೆ ಇದರಲ್ಲಿ ಬೇಸರವೇನೂ ಇರಲಿಲ್ಲ. ಮಾವ ಎದುರಿಗೆ ನಿಂತು ಬೈಯುವ ಮನೆಗಳೂ ಇವೆ. ನಮ್ಮ ಮನೆಯಲ್ಲಿ ಬೈಗುಳ ಮೊದಲು ಜೀಪಿಗೆ ಬೀಳುತ್ತದೆ, ನನಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಇದೂ ಭಗವಂತನ ಕೃಪೆಯೇ ಅಲ್ಲವೆ?

ಇಂಥ ಕೆಂಚಿ ಒಂದು ದಿನ ಸೋರಲು ಶುರುಮಾಡಿತು.

ನಾನು ಅಂಗಳ ಸಾರಿಸಿ ರಂಗೋಲಿ ಬಿಡುವ ಹೊತ್ತಿಗೆ ಜೀಪಿನ ಹೊಟ್ಟೆಯ ಕೆಳಗೆ ಕೆಂಪು ನೀರು. ಮಾವನವರು ಮಲಗಿ ನೋಡಿದರು. ಎಂಜಿನ್ನಿನ ಪಕ್ಕೆಯಿಂದ ತೊಟ್ಟಿಕ್ಕುತ್ತಿತ್ತು. ಎಂಜಿನ್ನು ಕಾಯದಿರಲೆಂದು ಎಲ್ಲರೂ ಕೂಲೆಂಟು ಹಾಕಿದರೆ ಮಾವನವರು, “ಆ ಹಸಿರು ಶರಬತ್ತು ಯಾರಿಗ್ ಬೇಕು? ಮನೆ ಮಂದಿ ಕುಡಿಯೋ ನೀರು ಇದಕ್ಕೂ ಆಗ್ತೈತೆ” ಎಂದು ಬೋರಿನ ನೀರನ್ನೇ ಹಾಕುತ್ತಿದ್ದರು. ನಮ್ಮ ಬೋರಿನ ನೀರಿನ ಗುಣ ನನ್ನನ್ನು ಕೇಳಿ. ಅನ್ನದ ಪಾತ್ರೆಯ ತಳದಲ್ಲಿ ಸುಣ್ಣ ಬಳಿದಂತೆ ಕೂರುತ್ತದೆ. ಅದನ್ನು ಕುಡಿದು ಕುಡಿದು ಕೆಂಚಿಯ ಪಕ್ಕೆ ಒಳಗಿನಿಂದಲೇ ತುಕ್ಕು ತಿಂದು ಲಡ್ಡಾಗಿತ್ತು.

ಹಳೇ ಡ್ರೈವರುಗಳ ಕೈಯಲ್ಲಿ ಇದಕ್ಕೊಂದು ಮದ್ದಿದೆ: ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು. ಪುಡಿ ಹೋಗಿ ತೂತಿನಲ್ಲಿ ಕೂತು ಸೋರಿಕೆ ನಿಲ್ಲುತ್ತದಂತೆ. ಶುಕ್ರವಾರ ಹೊಸ್ತಿಲು ತೊಳೆದು ಅರಿಶಿನ ಹಚ್ಚೋಣವೆಂದು ಡಬ್ಬಿ ತೆಗೆದರೆ ಡಬ್ಬಿ ಖಾಲಿ! ಹೊರಗಿನಿಂದ ದನಿ ಬಂತು: “ಕೆಂಚಿ, ಲಕ್ಷ್ಮಿ ಹೊಸ್ತಿಲಿಗೆ ಬಂದ್ರೇನು, ನಿನ್ ಹೊಟ್ಟೆಗೆ ಬಂದ್ರೇನು, ಎಲ್ಲ ಒಂದೇ ಮನೆ ಅಲ್ವೇನೆ?”

ಸೋರಿಕೆ ನಿಲ್ಲಲಿಲ್ಲ. ಕೆಂಪಗೆ ಸೋರುತ್ತಿದ್ದದ್ದು ಹಳದಿಯಾಗಿ ಸೋರಿತು, ಅಷ್ಟೆ. ಅವತ್ತು ಅಮಾವಾಸ್ಯೆ ಬೇರೆ. ಮಾವನವರು ಜೀಪನ್ನು ಮೂರು ದಾರಿ ಕೂಡುವಲ್ಲಿ ನಿಲ್ಲಿಸಿ ಕಟ್ಟೆಯ ಮೇಲೆ ಹರಟೆ ಹೊಡೆದು, ಜೀಪು ತೆಗೆದುಕೊಂಡು ಮನೆಗೆ ಬಂದರು. ಅಲ್ಲಿ ಉಳಿದದ್ದು ಏನು? ಒಂದು ಮಡು ಅರಿಶಿನದ ನೀರು, ಅದರ ನಡುವೆ ಬಂಪರಿನಿಂದ ಉದುರಿದ ನಿಂಬೆಹಣ್ಣು, ಮೆಣಸಿನಕಾಯಿ! ಅಮಾವಾಸ್ಯೆ ದಿನ, ಮೂರು ದಾರಿಯಲ್ಲಿ, ಇಂಥದ್ದನ್ನು ಯಾರು ದಾಟುತ್ತಾರೆ? ಹಾಲಿನವನು ಸುತ್ತಿ ಬಂದ. ಹೊಲಕ್ಕೆ ಹೊರಟ ಹೆಂಗಸರು ಹಿಂದಕ್ಕೆ ಹೋದರು. ಎದುರು ಮನೆಯ ಅಕ್ಕ ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

“ಯಾರೋ ಮಾಡ್ಸವ್ರೆ ಕಣಮ್ಮ! ನೀರು ಮೂರು ದಾರೀಲಿ ಸುರಿದೈತೆ, ನಿಮ್ಮ ಮನೆ ಬಾಗಿಲ್ತಂಕ ತೊಟ್ಟು ತೊಟ್ಟು ಬಿದ್ದೈತೆ. ನೋಡ್ಕಳ್ರಿ!”

“ಹೂಂ ಅಕ್ಕ, ಮಾಡಿದವರೂ ಸಿಕ್ಕವ್ರೆ.”

“ಅಯ್ಯೋ ಶಿವನೆ! ಯಾರು?”

“ಜಗುಲಿ ಮೇಲೆ ಕುಂತು ಕಾಫಿ ಕುಡೀತಾವ್ರೆ ನೋಡ್ರಿ.”

ಅರಿಶಿನ ಸೋತ ಮೇಲೆ ಮಾವನವರು ರಾಗಿಹಿಟ್ಟಿನ ಕಡೆ ತಿರುಗಿದರು. “ಮನುಷ್ಯನ್ನೇ ಗಟ್ಟಿ ಮಾಡೋ ರಾಗಿ, ನಿನ್ನ ಮಾಡಲ್ವೇನೆ?” ಎನ್ನುವುದು ಅವರ ತರ್ಕ. ಆ ವಾರ ಬಾಗೂರಿನ ಕಡೆ ಹೊರಟಿದ್ದರು. ಅವರ ತಮ್ಮ ಕುರಿಮಂದೆ ಹೊಡೆದುಕೊಂಡು ಅಲ್ಲಿನ ಹೊಲಗಳಲ್ಲಿ ಬೀಡುಬಿಟ್ಟಿದ್ದರು. ವಾರಕ್ಕೊಮ್ಮೆ ಹಿಟ್ಟು, ಬೇಳೆ, ಎಲೆ ಅಡಿಕೆ ಮುಟ್ಟಿಸಿ, ತಮ್ಮನ ಜೊತೆ ಒಂದು ಹೊತ್ತು ಕೂತು, ನಡೆಯಲಾರದ ಮರಿಗಳಿದ್ದರೆ ಜೀಪಿನಲ್ಲಿ ಹಾಕಿಕೊಂಡು ಬರುವುದು ಮಾವನವರ ಪದ್ಧತಿ. ಆವತ್ತು ಅರ್ಧ ದಾರಿಯಲ್ಲಿ ಕೆಂಚಿ ಹೊಗೆಯಾಡಿ ನಿಂತಿತು. ಮುಚ್ಚಳ ಬಿಚ್ಚಿದರೆ ಕುದಿಯುವ ಅಂಬಲಿ! ಕಟ್ಟಿ ಎಳೆದುಕೊಂಡು ಬಂದ ಟ್ರಾಕ್ಟರಿನವನು ನಮ್ಮ ಅಂಗಳದಲ್ಲಿ ಇಳಿದು ಹೇಳಿದ: “ಏನಮ್ಮ, ಒಂದೆರಡು ಹಸಿಮೆಣಸಿನಕಾಯಿ, ಒಂದು ಈರುಳ್ಳಿ ಇಟ್ಟಿದ್ರೆ ದಾರೀಲೇ ಊಟ ಮುಗಿಸ್ಕಂಡು ಬರ್ತಿದ್ವಿ!”

ಊರು ನಕ್ಕಿತು. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಯಜಮಾನರು ಮಾತ್ರ ನಗಲಿಲ್ಲ.

“ಸಾಕು ಅಪ್ಪ. ನಡುದಾರೀಲಿ ಬಿಸಿಲಾಗೆ ನಿಂಗೇನಾರ ಆಗಿದ್ರೆ? ಶನಿವಾರ ಸಂಜೆ ಗುಜರಿಯವನನ್ನ ಕರ್ಕಂಡು ಬರ್ತೀನಿ. ಅವತ್ತಿಗೂ ಹಿಂಗೇ ಸೋರ್ತಿದ್ರೆ ಅವನಿಗೆ ಕೊಟ್ಟುಬಿಡಾಣ. ನೀನು ಮಂದೆ ಹತ್ರ ಹೋಗೋದಾದ್ರೆ ಬಸ್ಸೈತೆ.”

ಮಂದೆ ಇರುವ ಹೊಲಕ್ಕೆ ಯಾವ ಬಸ್ಸು ಹೋಗುತ್ತದೆ? ಆದರೆ ಮಾವನವರು ಎದುರಾಡಲಿಲ್ಲ. ಮಗನ ಭಯದಲ್ಲೂ ನ್ಯಾಯವಿತ್ತಲ್ಲ.

ಆಮೇಲೆ ಆದದ್ದು ಕೇಳಿ. ಮಾವನವರು ಜೀಪಿನ ಹತ್ತಿರ ಮಾತು ನಿಲ್ಲಿಸಿದರು! ಬೆಳಗ್ಗೆ ಕಾಫಿಯ ಪ್ರಸ್ತಾಪವಿಲ್ಲ. ನಾನಾಗಿ ಲೋಟ ತಂದಿಟ್ಟರೆ ಕುಡಿದರು. ಸಾರಿಗೆ ಉಪ್ಪೇ ಹಾಕದೆ ಬಡಿಸಿ ನೋಡಿದೆ, ಸುಮ್ಮನೆ ಉಂಡು ಎದ್ದರು. ಮನೆ ಎಷ್ಟು ತಣ್ಣಗಾಯಿತೆಂದರೆ, ಗೋಡೆಯ ಗಡಿಯಾರ ಸದ್ದು ಮಾಡುತ್ತದೆ ಎನ್ನುವುದೇ ನನಗೆ ಆಗ ಗೊತ್ತಾಯಿತು. ಆ ಜೀಪು ಹೋದರೆ ಈ ಮನುಷ್ಯ ಇನ್ನು ಯಾರ ಹತ್ತಿರ ಮಾತಾಡುತ್ತಾರೆ? ದೇವರ ಮುಂದೆ ದೀಪ ಹಚ್ಚಿ ಕೇಳಿಕೊಂಡೆ: “ಬಂಗಾರ ಕೇಳಲ್ಲ, ಬೆಳ್ಳಿ ಕೇಳಲ್ಲ, ಆ ಒಂದು ತೂತು ಮುಚ್ಚಿಕೊಡಪ್ಪ.” ದೇವರಿಗೆ ಇಂಥ ಕೋರಿಕೆ ಅಪರೂಪಕ್ಕೆ ಬಂದಿರಬೇಕು, ಬೇಗ ಕೇಳಿಸಿಕೊಂಡ. ಮಾರನೆಯ ದಿನವೇ ಮಾವನವರು ಮೆಕ್ಯಾನಿಕ್ಕನ್ನು ಕರೆತಂದರು.

ಮೆಕ್ಯಾನಿಕ್ಕು ಜೀಪಿನ ಕೆಳಗೆ ತೂರಿ ಟಾರ್ಚು ಬಿಟ್ಟು ನೋಡಿದ. “ಅಜ್ಜ, ಎಂಜಿನ್ ಗೋಡೇಲಿ ಒಂದು ಬಿಲ್ಲೆ ಇರ್ತೈತೆ. ಡಮ್ಮಿ ಪ್ಲಗ್ಗು ಅಂತಾರೆ. ಅದು ತುಕ್ಕು ಹಿಡಿದು ತೂತು ಬಿದ್ದೈತೆ. ಹೊಸದು ಬಡೀಬೇಕು.”

“ಅದನ್ನ ಯಾಕಪ್ಪ ಇಟ್ಟವ್ರೆ ಅಲ್ಲಿ?”

“ಚಳಿ ದೇಶದಾಗೆ ಎಂಜಿನ್ ಒಳಗಿನ ನೀರು ಗಡ್ಡೆ ಕಟ್ಟಿ ಉಬ್ಬುತ್ತಂತೆ. ಎಂಜಿನ್ ಸೀಳಬಾರ್ದು ಅಂತ ಈ ಬಿಲ್ಲೆ ಈಚೆಗೆ ಬರ್ತೈತಂತೆ.”

“ಲೇ, ಹಿರಿಯೂರು ಬಿಸಿಲಿಗೆ ಮಡಕೆ ಮಜ್ಜಿಗೇನೇ ಬಿಸಿ ಆಗ್ತೈತೆ! ಇಲ್ಲಿಗೆ ಎಲ್ಲಿಂದ ಬಂದೀತೋ ಗಡ್ಡೆ?”

ಬರಲಾರದ ಮಂಜಿಗೆ ಕಾವಲು ಕೂತು ಕೂತು ಆ ಬಿಲ್ಲೆ ಸವೆದುಹೋಗಿತ್ತು ನೋಡಿ! ಹೊಸ ಬಿಲ್ಲೆ ನಾನು ಅರಿಶಿನ ಕುಂಕುಮ ಇಡುವ ಬಟ್ಟಲಿನಷ್ಟೇ ಇತ್ತು. ಅದನ್ನು ಮಾವನವರ ಕೈಗಿಟ್ಟ ಮೆಕ್ಯಾನಿಕ್ಕು, ಕೈ ತುಂಬ ಕೆಲಸವಿದೆ, ಮುಂದಿನ ವಾರದವರೆಗೆ ತನಗೆ ಆಗುವುದಿಲ್ಲ ಎಂದು ಹೇಳಿ, ಹೇಗೆ ಬಡಿಯಬೇಕೆಂದು ಬಾಯಲ್ಲೇ ವಿವರಿಸಿ ಹೋದ.

ಶನಿವಾರ ಬಂತು. ಯಜಮಾನರು ಅಂಗಡಿಗೆ ಹೋದದ್ದೇ ತಡ, ಅಂಗಳದಿಂದ ಮಾತು ಕೇಳಿಸಿತು. ಎಷ್ಟೋ ದಿನದ ಮೇಲೆ!

“ಕೆಂಚಿ, ನನಗೋ ಎರಡೇ ಕೈ. ಬಿಲ್ಲೆ ಹಿಡಿಯೋಕೆ ಒಬ್ರು, ಸುತ್ತಿಗೆ ಹಿಡಿಯೋಕೆ ಒಬ್ರು ಬೇಕಾಗಿತ್ತಲ್ಲೇ…”

ಒಲೆ ಆರಿಸಿ, ಸೆರಗು ಸೊಂಟಕ್ಕೆ ಸಿಗಿಸಿ ಹೊರಗೆ ಬಂದೆ.

ಜಾಕು ಕೊಟ್ಟು, ಅಚ್ಚಿನ ಕೆಳಗೆ ಚಪ್ಪಡಿ ಕಲ್ಲು ಪೇರಿಸಿ, ಮುಂದಿನ ಒಂದು ಚಕ್ರ ಬಿಚ್ಚಿದೆವು. ಆ ಸಂದಿಯಲ್ಲಿ ಬಗ್ಗಿ ನೋಡಿದರೆ ಬಿಲ್ಲೆ ಕಾಣುತ್ತಿತ್ತು. ಎಂಜಿನ್ನಿನ ನೀರು ಖಾಲಿ ಮಾಡಿದಾಗ ಹೊರಟದ್ದನ್ನು ಏನೆನ್ನಲಿ? ಅರಿಶಿನ ಹಾಕಿದ ರಾಗಿ ಅಂಬಲಿ. ಬೀದಿಯ ನಾಯಿ ಬಂದು ಮೂಸಿ, ನನ್ನನ್ನೇ ಒಮ್ಮೆ ದುರುಗುಟ್ಟಿ ನೋಡಿ ಹೋಯಿತು.

ಮಾವನವರು ಕೆಳಗೆ ಅಂಗಾತ ಮಲಗಿ ಚಾಣವನ್ನು ಹಳೇ ಬಿಲ್ಲೆಯ ಒಂದು ಅಂಚಿಗಿಟ್ಟರು. ನಾನು ಮೆಲ್ಲಗೆ ಹೊಡೆದೆ. ಒಂದು ಕಡೆ ಒಳಗೆ ಹೋದರೆ ಇನ್ನೊಂದು ಕಡೆ ಹೊರಗೆ ತಿರುಗಬೇಕು. ಪೂರ್ತಿ ಒಳಗೆ ಬಿದ್ದರೆ ಕೆಟ್ಟಿತು. “ಕೆಂಚಿ, ನಿಧಾನ ಕಣೇ, ಅಂಚಿಗೆ ಬೀಳ್ಬೇಕು, ನಡುವಿಗಲ್ಲ!” ಎಂದು ಅವರು ಕೂಗುತ್ತಿದ್ದರು. ಸುತ್ತಿಗೆ ಕೆಂಚಿಯ ಕೈಯಲ್ಲಿದೆಯೋ ನನ್ನ ಕೈಯಲ್ಲಿದೆಯೋ! ಕೊನೆಗೂ ಬಿಲ್ಲೆ ಅಡ್ಡ ತಿರುಗಿತು. ಮಾವನವರು ಇಕ್ಕಳದಲ್ಲಿ ಕಚ್ಚಿ ಎಳೆದರು. ಹಪ್ಪಳದಷ್ಟು ತೆಳ್ಳಗಾಗಿತ್ತು. ಗುಂಡಿಯ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ, ಅಂಟು ಸವರಿದೆವು.

ಹೊಸದನ್ನು ಬಡಿಯುವುದೇ ಕಷ್ಟ. ಸುತ್ತಿಗೆಯಿಂದ ನೇರ ಹೊಡೆದರೆ ನೆಗ್ಗುತ್ತದೆ. ಬಟ್ಟಲಿನಂಥ ಆ ಬಿಲ್ಲೆಯ ಒಳಗೆ ಸರಿಯಾಗಿ ಕೂರುವ ದುಂಡನೆಯ ಗಟ್ಟಿ ವಸ್ತುವೊಂದು ನಡುವೆ ಬೇಕು. ಮಾವನವರ ಪೆಟ್ಟಿಗೆಯಲ್ಲಿ ಹುಡುಕಿದ್ದೆಲ್ಲ ದಪ್ಪ, ಇಲ್ಲ ಸಣ್ಣ. “ಕೆಂಚಿ, ಮುಗೀತೇನೇ ನಮ್ಮ ಕಥೆ?” ಎಂದು ಅವರು ಸುತ್ತಿಗೆ ಕೆಳಗಿಟ್ಟಾಗ ಆ ದನಿ ಕೇಳಲಾಗಲಿಲ್ಲ. ನಾನು ಬಿಲ್ಲೆ ಎತ್ತಿಕೊಂಡು ಅಡಿಗೆಮನೆಗೆ ಓಡಿದೆ. ಲೋಟ ಇಟ್ಟು ನೋಡಿದೆ, ಕುಟ್ಟಾಣಿ ಇಟ್ಟು ನೋಡಿದೆ. ಆಮೇಲೆ ಹಿತ್ತಾಳೆಯ ಚಕ್ಕುಲಿ ಒರಳು ಕಣ್ಣಿಗೆ ಬಿತ್ತು. ಹಿಟ್ಟು ಒತ್ತುವ ಅದರ ಗಟ್ಟಿ ತುಂಡು ಬಿಲ್ಲೆಯೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು!

ಹೊಸ ಬಿಲ್ಲೆಗೆ ಒಂದು ಬೊಟ್ಟು ಕುಂಕುಮವಿಟ್ಟೆ. ಮಾವನವರು ಬಿಲ್ಲೆಯನ್ನು ಗುಂಡಿಗೆ ಆನಿಸಿ, ಅದರ ಮೇಲೆ ಚಕ್ಕುಲಿ ಒರಳಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದರು. ಆ ಹಳೇ ಬೆರಳುಗಳ ಪಕ್ಕದಲ್ಲೇ ನಾನು ಸುತ್ತಿಗೆ ಬೀಸಬೇಕು. ಮನೆದೇವರನ್ನು ನೆನೆದು ಹೊಡೆದೆ. ಸರಿಯಾಗಿ ಬಿತ್ತು. ಇನ್ನೊಂದು. ಅದೂ ಬಿತ್ತು. ಮುಂದಿನದು ಅವರ ಹೆಬ್ಬೆರಳಿಗೆ ಬಿತ್ತು!

ಮಾವನವರು ಕಣ್ಣು ಮುಚ್ಚಿ, ಹಲ್ಲು ಕಚ್ಚಿಕೊಂಡು ಕೇಳಿದರು: “ಕೆಂಚಿ… ನಿನಗೇನೂ ನೋವಾಗ್ಲಿಲ್ಲ ತಾನೆ?”

ಕೈ ಮಾತ್ರ ತೆಗೆಯಲಿಲ್ಲ. ಅದೇ ಜಾಗದಲ್ಲಿ ಮತ್ತೆ ಹಿಡಿದರು. ಬಿಲ್ಲೆ ಮಟ್ಟಸವಾಗಿ ಕೂರುವವರೆಗೂ ಹೊಡೆದೆ.

ಸಂಜೆ ಗುಜರಿಯವನನ್ನು ಹಿಂದೆ ಕೂರಿಸಿಕೊಂಡು ಯಜಮಾನರು ಬೈಕಿನಲ್ಲಿ ಬಂದಾಗ ಕೆಂಚಿ ಚಕ್ರ ಹಾಕಿಕೊಂಡು, ಹೊಟ್ಟೆ ತುಂಬ ಹಸಿರು ಶರಬತ್ತು ಕುಡಿದು ಗುಡುಗುಡು ಎನ್ನುತ್ತಿತ್ತು. ಹೌದು, ಮಾವನವರು ಹಟ ಬಿಟ್ಟು ಅದನ್ನೂ ತಂದಿದ್ದರು. ಯಜಮಾನರು ನನ್ನ ಸೀರೆಯ ಗ್ರೀಸು ನೋಡಿದರು, ಅಪ್ಪನ ಬೆರಳಿಗೆ ಸುತ್ತಿದ್ದ ಅರಿಶಿನದ ಬಟ್ಟೆ ನೋಡಿದರು. ಜೀಪಿನ ಕೆಳಗೆ ಒಂದು ಹಳೇ ಪೇಪರು ಹಾಸಿ, ಗುಜರಿಯವನಿಗೆ ಚಹಾ ಕೊಡಿಸಿ, ಕಾದರು. ಎಂಜಿನ್ನು ಕಾದು ಕೆಂಡವಾಯಿತು. ಆಮೇಲೆ ಪೇಪರು ಎಳೆದು ನೋಡಿದರೆ ಒಂದು ಹನಿ ಇಲ್ಲ!

“ಇನ್ನೊಂದ್ ಹತ್ತು ವರ್ಷ ಬಿಟ್ಟು ಬರ್ಲಾ?” ಎಂದ ಗುಜರಿಯವನು. ಯಜಮಾನರಿಗೆ ನಗು ತಡೆಯಲಾಗಲಿಲ್ಲ. “ಮಂಗಳವಾರ ಮಂದೆ ಹತ್ರ ನಾನೂ ಬರ್ತೀನಪ್ಪ” ಎಂದು ಅಪ್ಪನಿಗೆ ಹೇಳಿ ಗುಜರಿಯವನನ್ನು ಬಿಟ್ಟುಬರಲು ಹೋದರು.

ನಾನು ಮೆಟ್ಟಿಲ ಮೇಲೆ ಕುಸಿದು ಕೂತಿದ್ದೆ. ಮಾವನವರು ಕೈಕಾಲು ತೊಳೆದು ಬಂದರು. ಇನ್ನೇನು ಜೀಪಿನ ಮುಂದೆ ನಿಂತು ಏನೋ ಹೇಳುತ್ತಾರೆಂದು ಸೆರಗು ಸರಿಮಾಡಿಕೊಂಡು ಎದ್ದೆ. ಅವರು ನಿಲ್ಲಲಿಲ್ಲ. ಕೆಂಚಿಯನ್ನು ದಾಟಿ ಬಂದು ಮೆಟ್ಟಿಲ ಕೆಳಗೆ ನಿಂತು, ಮುಖವೆತ್ತಿ ನನ್ನನ್ನೇ ನೋಡಿದರು.

“ಬೆಳಗಿಂದ ಏನಾರ ಉಂಡ್ಯೇನವ್ವ?”

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಕೇಳದ ಮಾತು. ನಾನು ಜೀಪಿನ ಕಡೆ ತಿರುಗಿ, “ಇನ್ನೂ ಇಲ್ಲ ಅಂತ ಹೇಳೇ, ಕೆಂಚಿ” ಎಂದುಬಿಟ್ಟೆ.

ಮಾವನವರು ನಕ್ಕರು.

“ಅದಕ್ಕೇನ್ ತಿಳೀತೈತವ್ವ, ಕಬ್ಬಿಣ ಅದು. ನನಗೇ ಹೇಳು.”