ಡಾಕ್ಟರಿಕೆಗೆ ಮುಂಚಿನ ಒಂದು ವರ್ಷ

ಆಸ್ಪತ್ರೆಯಲ್ಲಿ ಕೆಲಸ ಮಾಡುವವನ ಮನೆ ಬಾಗಿಲು ತಟ್ಟುವವರಿಗೆ ಎಂದೂ ಬರವಿಲ್ಲ. ನಾನು ಬರೀ ಎಕ್ಸ್-ರೇ ಟೆಕ್ನಿಷಿಯನ್. ಆದರೂ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಾಲ್ಕಾರು ಸಂಸಾರಗಳು ಹಂಚಿಕೊಂಡಿದ್ದ ನಮ್ಮ ವಿಲ್ಲಾದಲ್ಲಿ ಮಂಡಿನೋವಿನಿಂದ ಹಿಡಿದು ಮಕ್ಕಳ ಕಾಲೇಜಿನವರೆಗೆ ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ಒಂದು ವರ್ಷ ಮೇಲಿನ ಮನೆಯ ಹುಡುಗಿಯ ಓದಿನ ಗಲಾಟೆ ನಡೆಯಿತು. ಅದರಲ್ಲಿ ನಾನು ಮಾಡಿದ್ದು ಏನೂ ಇಲ್ಲ, ನೋಡಿದ್ದು ಮಾತ್ರ.

ಉಸಿರು ಬಿಗಿ ಹಿಡಿಯಿರಿ

ಆ ಹುಡುಗಿಯ ಅಪ್ಪ ಉಡುಪಿ ಕಡೆಯವರು. ಒಂದು ಕಂಪನಿಯಲ್ಲಿ ನೌಕರರ ವೀಸಾ ಕೆಲಸವೆಲ್ಲ ಅವರದೇ. ಒಂದು ಶುಕ್ರವಾರ ಬೆಳಿಗ್ಗೆ ತಟ್ಟೆ ತುಂಬ ಪತ್ರೊಡೆ ಹಿಡಿದುಕೊಂಡು ಇಳಿದು ಬಂದರು. ಪತ್ರೊಡೆ ಬಂತೆಂದರೆ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ.

"ಮಗಳಿಗೆ ಡಾಕ್ಟರೇ ಆಗಬೇಕಂತೆ ಮಾರಾಯ್ರೆ. ಬಿಎಸ್ಸಿ ಆಯ್ತು, ಮೆಡಿಕಲ್ ಸೀಟು ಸಿಗಲಿಲ್ಲ. ಅಮೆರಿಕದಲ್ಲಿ ಡಿಗ್ರಿ ಆದ ಮೇಲೆಯೇ ಮೆಡಿಕಲ್ ಅಂತೆ. ಈಗ ಅಲ್ಲಿ ಎಂತದೋ ಒಂದು ವರ್ಷದ ಮಾಸ್ಟರ್ಸ್ ಉಂಟಂತೆ. ಅದು ಮುಗಿದರೂ ಡಾಕ್ಟರ್ ಆಗುವುದಿಲ್ಲ. ಆಮೇಲೆ ಮೆಡಿಕಲ್‌ಗೆ ಅರ್ಜಿ ಹಾಕುವಾಗ ಸ್ವಲ್ಪ ತೂಕ ಬರ್ತದಂತೆ, ಅಷ್ಟೆ. ಸೀಟು ಸಿಗದಿದ್ದರೆ ವರ್ಷ ನೀರಿನಲ್ಲಿ ಹೋಮ. ಕಳಿಸುವುದಾ, ಬೇಡವಾ?"

"ಅಯ್ಯೋ, ನನಗೆಂತ ಗೊತ್ತು? ದಿನವಿಡೀ ನಾನು ಹೇಳುವುದು ಎರಡೇ ಮಾತು. ಉಸಿರು ಬಿಗಿ ಹಿಡಿಯಿರಿ, ಬಿಡಿ."

"ನೀವು ಆ ಎರಡನೆಯದು ಹೇಳಿದರೆ ಸಾಕು," ಅಂದರು. "ಬಿಗಿ ಹಿಡಿದುಕೊಂಡೇ ಇದ್ದೇವೆ."

ಮೇಳದ ಅಣ್ಣ

ದುಬೈಯ ಒಂದು ಹೋಟೆಲಿನಲ್ಲಿ ವಿದೇಶಿ ಕಾಲೇಜುಗಳ ಮೇಳ ಇತ್ತು. ಅಪ್ಪ, ಮಗಳು, ಜೊತೆಗೆ ನಾನು. ನನ್ನನ್ನು ಕರೆದುಕೊಂಡು ಹೋದದ್ದು ಯಾಕೆಂದು ನನಗೂ ಗೊತ್ತಿಲ್ಲ. ಟೈ ಕಟ್ಟಿದ್ದ ಹುಡುಗನೊಬ್ಬ ಕುರ್ಚಿ ಎಳೆದು ಕೂರಿಸಿ ಲಾಭಗಳನ್ನೆಲ್ಲ ಹೇಳಿದ. ಒಳ್ಳೆ ಮಾರ್ಕ್ಸ್ ತೆಗೆದರೆ ಅದೇ ಕಾಲೇಜಿನ ಮೆಡಿಕಲ್ ವಿಭಾಗ ಇಂಟರ್‌ವ್ಯೂಗೆ ಕರೆಯುತ್ತದಂತೆ.

"ಸೀಟು?" ಅಪ್ಪ ಕೇಳಿದರು.

"ಇಂಟರ್‌ವ್ಯೂ ಗ್ಯಾರಂಟಿ ಸರ್. ಸೀಟು ನಮ್ಮ ಕೈಯಲ್ಲಿಲ್ಲ."

ಅಪ್ಪನಿಗೆ ಅಲ್ಲಿಯವರೆಗೆ ಅರ್ಥವಾಗದಿದ್ದದ್ದು ತಟ್ಟನೆ ಅರ್ಥವಾಯಿತು. "ಹಾಗಾದರೆ ಇದು ವಿಸಿಟ್ ವೀಸಾ. ಒಳಗೆ ಬಿಡ್ತೀರಿ, ಕೆಲಸ ನಾವೇ ಹುಡುಕಬೇಕು!"

"ಅದೇ ಸರ್! ನಾನೂ ದುಬೈಗೆ ಬಂದದ್ದು ವಿಸಿಟ್‌ನಲ್ಲೇ," ಎಂದ ಹುಡುಗ ಖುಷಿಯಿಂದ.

"ನೀವು ಎಂತ ಓದಿದ್ದು?"

ಹುಡುಗ ಟೈ ಸರಿಮಾಡಿಕೊಂಡ. "ಇದೇ ಮಾಸ್ಟರ್ಸ್ ಸರ್."



ಮಿರ್ದಿಫ್‌ನ ಸಭೆ

ನಮ್ಮವರಲ್ಲಿ ಮಕ್ಕಳ ಓದು ಮನೆಯೊಳಗೆ ತೀರ್ಮಾನವಾಗುವುದಿಲ್ಲ. ಶುಕ್ರವಾರ ಊಟಕ್ಕೆ ಸೇರಬೇಕು, ಕೋಳಿ ಸುಕ್ಕ ಆಗಬೇಕು, ಆಮೇಲೆ ತೀರ್ಪು. ಹುಡುಗಿಯ ಸೋದರಮಾವನ ಮನೆ ದುಬೈಯ ಮಿರ್ದಿಫ್‌ನಲ್ಲಿ. ಅಲ್ಲಿ ಸಭೆ ಸೇರಿತು, ನಾನೂ ಇದ್ದೆ. ಮಾವ "ಹೋಗಲಿ, ಎಂಎಸ್ಸಿ ಅಂತೂ ಕೈಗೆ ಸಿಗ್ತದಲ್ಲ, ಟೀಚರ್ ಆಗಬಹುದು" ಅಂದರು. ಹುಡುಗಿಯ ಮುಖ ಬಾಡಿತು. ಅಮ್ಮ "ಹೆಚ್ಚು ಓದಿದರೆ ಅವಳಿಗಿಂತ ಹೆಚ್ಚು ಓದಿದ ಗಂಡನ್ನು ಎಲ್ಲಿಂದ ತರುವುದು?" ಅಂದರು. ಇನ್ನೂ ಬಾಡಿತು. ಪಾಪ ಅನಿಸಿತು ನನಗೆ. ಅವಳಿಗೆ ಏನು ಬೇಕೆಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಅಷ್ಟರಲ್ಲಿ ಅತ್ತೆ ಒಳಗಿನಿಂದ ಥೈರಾಯ್ಡ್ ರಿಪೋರ್ಟ್ ತಂದು ಅವಳ ಮಡಿಲಿಗೇ ಹಾಕಿದರು. "ಇದೊಂದು ನೋಡು ಮಗಾ."

"ಆಂಟಿ, ಐ ಹ್ಯಾವಂಟ್ ಈವನ್ ಜಾಯಿನ್ಡ್!"

"ಗೊತ್ತುಂಟು ಮಾರಾಯ್ತಿ. ಸೇರಿದ ಮೇಲೆ ನಿನಗೆ ಪುರುಸೊತ್ತು ಎಲ್ಲಿ? ಅದಕ್ಕೇ ಈಗಲೇ ತೋರಿಸುವುದು."

ಇಂಟರ್‌ವ್ಯೂ

ತೀರ್ಪು ಹೊರಬೀಳದಿದ್ದರೂ ಹುಡುಗಿ ಸುಮ್ಮನೆ ಅರ್ಜಿ ಹಾಕಿಬಿಟ್ಟಿದ್ದಳು. ಮಾಸ್ಟರ್ಸಿಗೂ ಇಂಟರ್‌ವ್ಯೂ, ಅದೂ ವಿಡಿಯೋದಲ್ಲಿ. ಮೇಲಿನ ಮನೆಯ ನೆಟ್ ಆಗಾಗ ಕೈಕೊಡುತ್ತಿದ್ದುದರಿಂದ ನಮ್ಮ ಹಾಲ್‌ನಲ್ಲೇ ಕೂತಳು. ಅಪ್ಪ, ಅಮ್ಮ, ನಾನು ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಸೋಫಾದಲ್ಲಿ. ಕೆಮ್ಮಬಾರದು ಅಂತ ಕಟ್ಟಪ್ಪಣೆ.

ಅಮೆರಿಕದ ಮೇಡಂ ಸಮಾಧಾನದ ಹೆಂಗಸು. ಹುಡುಗಿಯೂ ಪಟಪಟ ಉತ್ತರ ಕೊಡುತ್ತಿದ್ದಳು. ಕೊನೆಗೆ ಮೇಡಂ, "ಈ ವರ್ಷ ಮುಗಿದ ಮೇಲೂ ಮೆಡಿಕಲ್ ಸೀಟು ಸಿಗದಿದ್ದರೆ ಏನು ಮಾಡುತ್ತೀ?" ಎಂದು ಕೇಳಿಬಿಟ್ಟರು.

ಹುಡುಗಿ ಲ್ಯಾಪ್‌ಟಾಪನ್ನೇ ನೋಡುತ್ತ ಕೂತಳು, ಕಣ್ಣು ತುಂಬಿತು.

ಅಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮಗಳ ಪಕ್ಕದಲ್ಲಿ ಮುಖ ತೂರಿಸಿ, ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ ಶುರುಮಾಡಿದರು. "ಮೇಡಂ, ನಾನು ಇವಳ ತಂದೆ. ಸಿಗದಿದ್ದರೆ ಎಂತದೂ ಇಲ್ಲ, ಮನೆಗೆ ಬರ್ತಾಳೆ. ರೂಮು ಹಾಗೇ ಉಂಟು. ಮದುವೆಯಾಗುವವರೆಗೆ ಇಲ್ಲಿಯ ಕಾನೂನಿನಲ್ಲಿ ಇವಳ ವೀಸಾಕ್ಕೆ, ಖರ್ಚಿಗೆ ನಾನೇ ಸ್ಪಾನ್ಸರ್. ಆಗದಿದ್ದರೂ ನಾನೇ. ಮಾಫಿ ಮುಷ್ಕಿಲ್!"

ಏನೂ ತೊಂದರೆಯಿಲ್ಲ ಎನ್ನುವ ಆ ಅರಬ್ಬಿ ಮಾತು ಮೇಡಂಗೆ ತಿಳಿಯಿತೋ ಇಲ್ಲವೋ, ಹುಬ್ಬು ಮೇಲೇರಿಸಿ ಹುಡುಗಿಯನ್ನು ನೋಡಿದರು. "ನೀನು ಏನು ಹೇಳುತ್ತೀ?"

ಹುಡುಗಿ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. "ಕೇಳಿದಿರಲ್ಲ ಮೇಡಂ. ಅದಕ್ಕೇ ನನಗೆ ಸೀಟು ಸಿಗಲೇಬೇಕು."

ಮೇಡಂ ಕನ್ನಡಕ ತೆಗೆದು ನಕ್ಕರು. ಬಹಳ ಹೊತ್ತು ನಕ್ಕರು. ಆಮೇಲೆ, ನಮ್ಮಲ್ಲಿಗೆ ಬಾ, ಉಳಿದದ್ದು ಪತ್ರದಲ್ಲಿ ತಿಳಿಸುತ್ತೇವೆ ಅಂದರು.

ಅಮ್ಮ ಮಗಳನ್ನು ತಬ್ಬಿಕೊಂಡು ಅಳತೊಡಗಿದರು. ಅಪ್ಪ ಮಾತ್ರ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು. "ಸತ್ಯ ಹೇಳಿ ಮಾರಾಯ್ರೆ, ನಾನು ಅಷ್ಟು ಕೆಟ್ಟ ಸ್ಪಾನ್ಸರಾ?"