ಎಡಗಡೆಯ ಗಡಗಡ

ಸಣ್ಣ ಸದ್ದೂ ನನ್ನ ಕಿವಿ ತಪ್ಪಿಸಿಕೊಂಡು ಹೋಗುವುದಿಲ್ಲ. ಹಾಲು ಉಕ್ಕುವ ಮುಂಚಿನ ಪಿಸುಮಾತು, ಕುಕ್ಕರಿನ ರಬ್ಬರು ಸಡಿಲಾಗುವ ಮುಂಚಿನ ನಿಟ್ಟುಸಿರು, ಎಲ್ಲವೂ ನನಗೆ ಮೊದಲೇ ಗೊತ್ತಾಗುತ್ತವೆ. ಅಂಥವಳಿಗೆ ಒಂದು ಬೈಕಿನ ಕಾಯಿಲೆ ಹಿಡಿಯುವುದು ಯಾವ ಮಹಾ ಕೆಲಸ?

ಆ ಭಾನುವಾರ ರಾಣೆಬೆನ್ನೂರಿನಲ್ಲಿ ನನ್ನ ನಾದಿನಿಯ ಕುಬಸ. ತವರಿನ ಉಡಿ ಬರುವವರೆಗೆ ಬಸುರಿಯನ್ನು ಮಣೆಯ ಮೇಲೆ ಕೂರಿಸುವಂತಿಲ್ಲ. ತವರು ಎಂದರೆ ಹಾವೇರಿಯ ನಾವಿಬ್ಬರೇ. ಮಧ್ಯಾಹ್ನದೊಳಗೆ ಮುಟ್ಟಲೇಬೇಕು. ಮರೆಯಬಾರದೆಂದು ಉಡಿಯ ಚೀಲವನ್ನು ಬೆಳಿಗ್ಗೆಯೇ ಬೈಕಿನ ಎಡಗಡೆಯ ಸೀರೆ ಗಾರ್ಡಿಗೆ ನೇತುಹಾಕಿಬಿಟ್ಟೆ.

ನಮ್ಮ ಮನೆಯವರು ಗಾಡಿ ಚಾಲೂ ಮಾಡಿದರು. ಗಡಗಡ, ಟಣ್, ಗಡಗಡ. ಹತ್ತಿ ಕುಳಿತರೆ ಪಾದದ ಕೆಳಗೆ ನಡುಕ ಬೇರೆ.

"ಇಂಜಿನ್ನು ಹೋತು" ಎಂದರು ಅವರು.

"ಅವಸರ ಮಾಡಬ್ಯಾಡ್ರಿ. ನಾ ನೋಡ್ತೇನಿ" ಎಂದೆ. ಕಾನ್ವೆಂಟಿನಲ್ಲಿ ವಿಜ್ಞಾನದ ಸಿಸ್ಟರ್ "ಮೊದಲು ಗಮನಿಸು, ಆಮೇಲೆ ಮಾತಾಡು" ಎಂದು ಕಲಿಸಿದ್ದರು. ಅದರಲ್ಲಿ ಅರ್ಧ ನನಗೆ ಚೆನ್ನಾಗಿ ಬರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಸದ್ದು ಹಿಡಿಯುವ ವೀಡಿಯೊ ನೋಡಿದ್ದೆ. ಉದ್ದನೆಯ ಸ್ಕ್ರೂಡ್ರೈವರು ಮನೆಯಲ್ಲಿರಲಿಲ್ಲ. ಲಟ್ಟಣಿಗೆ ತಂದೆ.

ನಾನು ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಧ್ಯಾನಸ್ಥಳಾಗಿದ್ದಾಗ ಪಕ್ಕದ ಮನೆಯ ಗಂಗವ್ವ ಕಟ್ಟೆಯ ಮೇಲಿಂದ ಇಣುಕಿದರು. "ಯಾಕವಾ, ಗಾಡಿಗೂ ಚಪಾತಿ ಲಟ್ಟಸಾಕತ್ತಿ ಏನ?"

ಲಟ್ಟಣಿಗೆಯನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ. ವೈದ್ಯರು ರೋಗಿಯ ನಾಡಿ ಹಿಡಿದಾಗ ಮಾತಾಡುತ್ತಾರೆಯೇ? ಕೊನೆಗೆ ಎದ್ದು ತೀರ್ಪು ಕೊಟ್ಟೆ. "ಟೈಮಿಂಗ್ ಚೈನ್ ಸಡ್ಲ ಆಗೇತಿ."

ಟೈಮಿಂಗ್ ಚೈನ್ ಎಲ್ಲಿರುತ್ತದೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಆದ್ದರಿಂದ ಪಾನಾ ಹಿಡಿದು ಕಣ್ಣಿಗೆ ಬಿದ್ದ ನಟ್ಟನ್ನೆಲ್ಲ ಬಿಗಿ ಮಾಡಿದರು. ಹೊತ್ತು ಏರಿತು. ಗಡಗಡ ಹಾಗೆಯೇ ಇತ್ತು. ಇದ್ದ ಹಾಗೆಯೇ ಹೊರಟೆವು.

ಬ್ಯಾಡಗಿಗೆ ತಿರುಗುವ ಕ್ರಾಸಿನ ಹತ್ತಿರ ಅವರ ತಾಳ್ಮೆ ಮುಗಿಯಿತು. "ಇಳಿ" ಎಂದರು. ಉಡಿಯ ಚೀಲಕ್ಕೆ ಧೂಳು ಹತ್ತಬಾರದೆಂದು ಅದನ್ನೂ ಕೈಗೆತ್ತಿಕೊಂಡು ಇಳಿದೆ. ಅವರು ಸ್ವಲ್ಪ ದೂರ ಹೋಗಿ ತಿರುಗಿ ಬಂದರು. ಬೈಕು ಬೆಣ್ಣೆಯಂತೆ ಓಡುತ್ತಿತ್ತು.

"ಗೊತ್ತಾತು" ಎಂದರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತ. "ನೀ ಕುಂತ್ರ ಬರ್ತೈತಿ, ಇಳದ್ರ ನಿಲ್ತೈತಿ."

"ಅಂದ್ರ?"

"ಅಂದ್ರ ಏನಿಲ್ಲ. ಭಾರದ್ದು."

ನಾನು ಹತ್ತುವ ಮುಂಚೆಯೇ ಸದ್ದು ಇತ್ತಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ನಾದಿನಿಯ ಫೋನು. "ಅಣ್ಣಾ, ಎಲ್ಲಿದ್ದೀರಿ? ಮಣಿ ಹಾಕ್ಯಾರ. ಎಲ್ಲಾರೂ ದಾರಿ ನೋಡಾಕತ್ತಾರ. ವೈನಿಗೆ ಹೇಳು, ನನಗ ಹಸಿವಿ ತಡಕೊಳ್ಳಾಕ ಆಗವಲ್ದು."

ಜಗಳಕ್ಕೆ ಸಮಯವಿರಲಿಲ್ಲ. ನನ್ನನ್ನು ಚೀಲದ ಸಮೇತ ರಾಣೆಬೆನ್ನೂರಿನ ಬಸ್ಸಿಗೆ ಹತ್ತಿಸಿ, ಅವರು ಬೈಕಿನ ಮೇಲೆ ಹಗುರಾಗಿ ಹೊರಟುಹೋದರು.

ನಿಲ್ಲಲಷ್ಟೇ ಜಾಗವಿತ್ತು. ಚೀಲವನ್ನು ಸೀಟಿನ ಕಬ್ಬಿಣದ ಕಾಲಿಗೆ ಒರಗಿಸಿಟ್ಟೆ. ಬಸ್ಸು ಹೊರಟಿತು. ಗಡಗಡ, ಟಣ್, ಗಡಗಡ.

ನನಗೆ ಕನಿಕರವೇ ಆಯಿತು. ಕಂಡಕ್ಟರನ್ನು ಕರೆದು ಮೆಲ್ಲಗೆ ಹೇಳಿದೆ, "ನಿಮ್ಮ ಬಸ್ಸಿಂದೂ ಟೈಮಿಂಗ್ ಚೈನ್ ಸಡ್ಲ ಆಗೇತ್ರಿ. ಲಗೂನ ತೋರಸ್ರಿ."

ಆತ ತಲೆ ವಾಲಿಸಿ ಆಲಿಸಿದ. "ಅಕ್ಕಾರ, ಆ ಚೀಲ ಒಂದೀಟು ಎತ್ತಿ ಹಿಡೀರಿ."

ಎತ್ತಿದೆ. ಬಸ್ಸಿನ ಕಾಯಿಲೆ ವಾಸಿಯಾಯಿತು.

ಉಡಿಯ ಅಡಿಕೆ, ಅರಿಶಿನದ ಕೊಂಬು, ಉತ್ತತ್ತಿ ಎಲ್ಲವನ್ನೂ ಸ್ಟೀಲಿನ ಡಬ್ಬಿಗೆ ನಾನೇ ತುಂಬಿದ್ದೆ. ಬೈಕಿನಲ್ಲಿ ಆ ಡಬ್ಬಿ ಸೀರೆ ಗಾರ್ಡಿಗೆ ಬಡಿದು, ನನ್ನ ಕಾಲಡಿಯ ಪಟ್ಟಿಯನ್ನೂ ನಡುಗಿಸಿತ್ತು. ರಾಣೆಬೆನ್ನೂರು ಬರುವವರೆಗೂ ಚೀಲವನ್ನು ಕೂಸಿನಂತೆ ಎತ್ತಿಕೊಂಡೇ ನಿಂತೆ. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು.

ಹೊತ್ತು ಮೀರಿರಲಿಲ್ಲ. ಮಣೆಯ ಮೇಲೆ ಕುಳಿತ ನಾದಿನಿಗೆ ಉಡಿ ತುಂಬಿದೆ. ಅವಳು ಕಣ್ಣರಳಿಸಿ ನಕ್ಕಳು, ಒಡನೆಯೇ ಊಟದ ಕಡೆ ನೋಡಿದಳು.

ಪಂಕ್ತಿಯಲ್ಲಿ ನಮ್ಮ ಮನೆಯವರು ಬೀಗರಿಗೆ ಕತೆ ಹೇಳುತ್ತಿದ್ದರು. "ಇಂಜಿನ್ನಿಂದ ಏನೂ ತಪ್ಪಿಲ್ರಿ. ಭಾರ ತಡಕೊಳ್ಳಾಕ ಆಗಿಲ್ಲ ಅದಕ್ಕ." ಬೀಗರು ನಗದಿರಲು ಬಹಳ ಪ್ರಯತ್ನಪಟ್ಟರು.

ನಾನು ಯೋಚಿಸಿದೆ. ಡಬ್ಬಿಯ ವಿಷಯ ಹೇಳಿದರೆ ಪೆದ್ದಿ, ಹೇಳದಿದ್ದರೆ ದಪ್ಪ. ಕಾನ್ವೆಂಟಿನಲ್ಲಿ ಇಷ್ಟು ಕಷ್ಟದ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಬಡಿಸುವಾಕೆ ಬಂದಳು. "ಅಕ್ಕಾರ, ಹೋಳಗಿ?"

"ಎರಡು ಹಾಕು" ಎಂದೆ.